ಫ್ರಿಜ್ ಬಾಗಿಲಿನ ಫೋಟೋ: ಸಾಗರದಾಚೆಯಿಂದ ಅನಾಥಾಲಯಕ್ಕೆ ಬರುವ ತಿಂಗಳ ಹಣದ ಕಥೆ

ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳ ಲಕ್ಷಾಂತರ ಮನೆಗಳಲ್ಲಿ ಅಡುಗೆಮನೆಯ ಫ್ರಿಜ್ ಬಾಗಿಲಿಗೆ ಒಂದು ಮಗುವಿನ ಫೋಟೋ ಅಂಟಿಸಿರುತ್ತಾರೆ. ಮಗು ಆ ಮನೆಯದ್ದಲ್ಲ. ಹೈಟಿಯದ್ದಿರಬಹುದು, ಉಗಾಂಡದ್ದಿರಬಹುದು, ಕಾಂಬೋಡಿಯಾದ್ದಿರಬಹುದು. ಕೆಲವು ವರ್ಷಗಳ ಹಿಂದಿನವರೆಗೆ ಭಾರತದ ಮಕ್ಕಳ ಫೋಟೋಗಳೂ ಹೀಗೆ ದೊಡ್ಡ ಸಂಖ್ಯೆಯಲ್ಲಿ ಇರುತ್ತಿದ್ದವು. ಮನೆಯವರು ಆ ಮಗುವಿನ ಹೆಸರಲ್ಲಿ ತಿಂಗಳು ತಿಂಗಳು ಹಣ ಕಳಿಸುತ್ತಾರೆ. ಕ್ರಿಸ್‌ಮಸ್‌ಗೆ ಕಾರ್ಡು ಬರೆಯುತ್ತಾರೆ. ಊಟಕ್ಕೆ ಕೂತಾಗ ಪ್ರಾರ್ಥನೆಯಲ್ಲಿ ಆ ಹೆಸರನ್ನೂ ಸೇರಿಸುತ್ತಾರೆ. ಇದಕ್ಕೆ ಮಗುವಿನ ಪ್ರಾಯೋಜಕತ್ವ, ಅಂದರೆ ಸ್ಪಾನ್ಸರ್‌ಶಿಪ್ ಎನ್ನುತ್ತಾರೆ.

ಕೇಳಲು ಸರಳವಾದ, ಒಳ್ಳೆಯ ಕೆಲಸ. ಆದರೆ ನೂರು ವರ್ಷಗಳ ಅನುಭವದ ನಂತರ ಈ ಪದ್ಧತಿ ನಡೆಸುವ ದೊಡ್ಡ ಸಂಸ್ಥೆಗಳೇ ಅನಾಥಾಲಯಗಳಿಂದ ದೂರ ಸರಿದಿವೆ. ಏಕೆ ಎಂದು ತಿಳಿಯುವುದು ದಾನ ಕೊಡುವವರಿಗೂ ಬೇಕು, ಮಗುವನ್ನು ದೂರದ ಹಾಸ್ಟೆಲಿಗೆ ಕಳಿಸಲು ಯೋಚಿಸುವ ತಂದೆತಾಯಿಗೂ ಬೇಕು.

ಪದ್ಧತಿ ನಡೆಯುವುದು ಹೇಗೆ?

ಸಂಸ್ಥೆಯೊಂದು ಬಡ ದೇಶದ ಮಕ್ಕಳ ಪಟ್ಟಿ ಮಾಡುತ್ತದೆ. ಪ್ರತಿ ಮಗುವಿಗೂ ಒಂದು ನಂಬರು, ಒಂದು ಫೋಟೋ, ಅರ್ಧ ಪುಟದ ವಿವರ. ಹೆಸರು, ವಯಸ್ಸು, ಇಷ್ಟವಾದ ಆಟ, ಮನೆಯ ಪರಿಸ್ಥಿತಿ ಇಷ್ಟು ಅದರಲ್ಲಿರುತ್ತದೆ. ಇದನ್ನು ಶ್ರೀಮಂತ ದೇಶದ ಚರ್ಚುಗಳಲ್ಲಿ, ಸಂಗೀತ ಕಾರ್ಯಕ್ರಮಗಳಲ್ಲಿ, ಟಿವಿಯಲ್ಲಿ, ಈಗ ಇಂಟರ್ನೆಟ್ಟಿನಲ್ಲಿ ತೋರಿಸುತ್ತಾರೆ. ಒಪ್ಪಿದವರು ತಿಂಗಳಿಗೆ ಇಷ್ಟು ಎಂದು ಕೊಡುತ್ತಾರೆ. 1950ರ ದಶಕದಲ್ಲಿ ಈ ಮೊತ್ತ ಹತ್ತು ಡಾಲರಿನ ಆಸುಪಾಸು ಇತ್ತು. ಈಗ ಅಮೆರಿಕದಲ್ಲಿ ಸುಮಾರು 40 ಡಾಲರ್. ಮಗು ವರ್ಷಕ್ಕೆ ಕೆಲವು ಪತ್ರ ಬರೆಯುತ್ತದೆ. ಸಂಸ್ಥೆಯ ನೌಕರರು ಅದನ್ನು ಇಂಗ್ಲಿಷಿಗೆ ಅನುವಾದಿಸಿ ಕಳಿಸುತ್ತಾರೆ.

ಹಣದ ದಾರಿ ಮಾತ್ರ ಫೋಟೋದಷ್ಟು ನೇರ ಅಲ್ಲ. ಫೋಟೋದಲ್ಲಿರುವ ಮಗುವಿನ ಕೈಗೆ 40 ಡಾಲರ್ ಹೋಗುವುದಿಲ್ಲ. ಮುಖ್ಯ ಕಚೇರಿ, ಆ ದೇಶದ ಕಚೇರಿ, ಸ್ಥಳೀಯ ಚರ್ಚು ಅಥವಾ ಕೇಂದ್ರ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಪ್ರತಿ ಮೆಟ್ಟಿಲಲ್ಲೂ ಒಂದಷ್ಟು ಖರ್ಚಾಗಿ, ಉಳಿದದ್ದು ಶಾಲೆ ಫೀಸು, ಊಟ, ಔಷಧಿ, ಸಂಬಳಗಳಿಗೆ ಹೋಗುತ್ತದೆ. ಅನೇಕ ಸಂಸ್ಥೆಗಳು ಎಲ್ಲ ಪ್ರಾಯೋಜಕರ ಹಣವನ್ನು ಒಟ್ಟು ಸೇರಿಸಿ ಇಡೀ ಊರಿನ ಬಾವಿ, ಶಾಲೆ, ಆರೋಗ್ಯ ಕೆಲಸಕ್ಕೆ ಬಳಸುತ್ತವೆ. ಹಾಗಿದ್ದಾಗ ಫೋಟೋದ ಮಗು ಆ ಊರಿನ ಪ್ರತಿನಿಧಿ ಅಷ್ಟೆ.

ಬರಗಾಲದಿಂದ ಶುರುವಾದ ದಾರಿ

ದೂರದ ದೇಶದ ಮಗುವಿಗೆ ಚಂದಾ ಎತ್ತುವ ಅಭ್ಯಾಸಕ್ಕೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಿರಿಯರು ಕೇಳಿ ಬಲ್ಲ ಬರಗಾಲಗಳ ಜತೆಗೂ ನಂಟಿದೆ. 1896-97 ಮತ್ತು 1899-1900ರ ಬರಗಳಲ್ಲಿ ಮುಂಬಯಿ ಪ್ರಾಂತದಲ್ಲಿ ಸಾವಿರಾರು ಮಕ್ಕಳು ತಬ್ಬಲಿಗಳಾದರು. ಸೊಲ್ಲಾಪುರವೂ ಸೇರಿದಂತೆ ಅಮೆರಿಕದ ಮಿಶನರಿಗಳಿದ್ದ ಕಡೆಗಳಲ್ಲಿ ಬರದ ಮಕ್ಕಳಿಗೆ ಆಶ್ರಯ ಸಿಕ್ಕಿತು. ನ್ಯೂಯಾರ್ಕಿನ 'ಕ್ರಿಶ್ಚಿಯನ್ ಹೆರಾಲ್ಡ್' ಎಂಬ ವಾರಪತ್ರಿಕೆ ಓದುಗರಿಂದ ಹಣ ಎತ್ತಿ, 1900ರಲ್ಲಿ ಕ್ವಿಟೋ ಎಂಬ ಹಡಗಿನ ತುಂಬ ಮೆಕ್ಕೆಜೋಳ ಕಳಿಸಿತು. ವರ್ಷಕ್ಕೆ ಇಂತಿಷ್ಟು ಡಾಲರ್ ಕೊಟ್ಟು ಭಾರತದ ಒಂದು ಬರದ ಮಗುವನ್ನು ಸಾಕಿರಿ ಎಂದು ಅದೇ ಪತ್ರಿಕೆ ಓದುಗರನ್ನು ಕೇಳಿಕೊಂಡಿತು.

ಅದೇ ಕಾಲದಲ್ಲಿ ಪುಣೆ ಬಳಿಯ ಕೇಡಗಾಂವಿನಲ್ಲಿ ಪಂಡಿತಾ ರಮಾಬಾಯಿ ಬರಪೀಡಿತ ಹೆಣ್ಣುಮಕ್ಕಳಿಗಾಗಿ ಮುಕ್ತಿ ಮಿಶನ್ ನಡೆಸಿದರು. ಈಗಿನ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು ಅವರು. 1887ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಅವರ ಹೆಸರಲ್ಲೇ ಒಂದು ಸಂಘ ಹುಟ್ಟಿತ್ತು. ವರ್ಷಕ್ಕೆ ಒಂದು ಡಾಲರಿನಂತೆ ಹತ್ತು ವರ್ಷ ಕೊಡುತ್ತೇವೆ ಎಂದು ಊರೂರಿನ ಹೆಂಗಸರು ಮಾತು ಕೊಟ್ಟಿದ್ದರು. ಆ ಹಣ ಮೊದಲು ಬಾಲವಿಧವೆಯರ ಶಾಲೆಗಾಗಿ ಬಂದದ್ದು. ಸಣ್ಣ ಮೊತ್ತ, ಬಹಳ ಜನ, ಬಹಳ ವರ್ಷ ಎಂಬ ಈ ಲೆಕ್ಕವೇ ಮುಂದೆ ಪ್ರಾಯೋಜಕತ್ವದ ಲೆಕ್ಕವೂ ಆಯಿತು.

ಒಂದನೇ ಮಹಾಯುದ್ಧದ ನಂತರ ಇದು ಗಟ್ಟಿ ರೂಪ ಪಡೆಯಿತು. 1919ರಲ್ಲಿ ಎಗ್ಲಾಂಟೈನ್ ಜೆಬ್ ಲಂಡನ್ನಿನಲ್ಲಿ 'ಸೇವ್ ದಿ ಚಿಲ್ಡ್ರನ್' ಸ್ಥಾಪಿಸಿದರು. ಯುರೋಪಿನ ಹಸಿದ ಮಕ್ಕಳಿಗೆ ಒಬ್ಬೊಬ್ಬ ದಾನಿಯನ್ನು ಜೋಡಿಸುವ ಕ್ರಮ 1920ರ ವೇಳೆಗೆ ಅಲ್ಲಿ ಬಂತು. 1938ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್‌ಮಂಡ್ ನಗರದಲ್ಲಿ ಪ್ರೆಸ್‌ಬಿಟೀರಿಯನ್ ಪಾದ್ರಿ ಜೆ. ಕ್ಯಾಲ್ವಿಟ್ ಕ್ಲಾರ್ಕ್ ಚೀನಾದ ಯುದ್ಧಪೀಡಿತ ಮಕ್ಕಳಿಗಾಗಿ 'ಚೈನಾಸ್ ಚಿಲ್ಡ್ರನ್ ಫಂಡ್' ಶುರು ಮಾಡಿದರು. ಇದೇ 1951ರಲ್ಲಿ 'ಕ್ರಿಶ್ಚಿಯನ್ ಚಿಲ್ಡ್ರನ್ಸ್ ಫಂಡ್' ಆಗಿ, 2009ರಲ್ಲಿ 'ಚೈಲ್ಡ್‌ಫಂಡ್' ಎಂದು ಹೆಸರು ಬದಲಿಸಿಕೊಂಡಿತು.

ಕೊರಿಯ: ಅನಾಥಾಲಯಗಳ ನಾಡು

ಪ್ರಾಯೋಜಕತ್ವ ಮನೆಮಾತಾದದ್ದು ಕೊರಿಯ ಯುದ್ಧದಿಂದ. 1950ರ ಜೂನ್ 25ರಂದು ಶುರುವಾದ ಯುದ್ಧ 1953ರ ಜುಲೈ 27ರಂದು ನಿಂತಿತು. ಅಷ್ಟರಲ್ಲಿ ದಕ್ಷಿಣ ಕೊರಿಯದ ಊರುಗಳು ಬೂದಿಯಾಗಿದ್ದವು. ಅಪ್ಪ ಅಮ್ಮ ಸತ್ತ ಮಕ್ಕಳು, ನಿರಾಶ್ರಿತರ ಗುಂಪಿನಲ್ಲಿ ಕೈತಪ್ಪಿದ ಮಕ್ಕಳು, ಸಾಕಲಾಗದೆ ಬಿಟ್ಟುಹೋದ ಮಕ್ಕಳು ಬೀದಿ ಬೀದಿಯಲ್ಲಿದ್ದರು.

ಬಾಬ್ ಪಿಯರ್ಸ್ ಎಂಬ ಅಮೆರಿಕದ ಪ್ರಚಾರಕ 1950ರಲ್ಲಿ 'ವರ್ಲ್ಡ್ ವಿಶನ್' ಸ್ಥಾಪಿಸಿ, 1953ರಲ್ಲಿ ಕೊರಿಯದ ಅನಾಥರಿಗಾಗಿ ಪ್ರಾಯೋಜಕತ್ವ ಆರಂಭಿಸಿದರು. 1952ರಲ್ಲಿ ಸೈನಿಕರಿಗೆ ಉಪದೇಶ ಮಾಡಲು ಹೋಗಿದ್ದ ಎವೆರೆಟ್ ಸ್ವಾನ್ಸನ್ ಎಂಬ ಪಾದ್ರಿ ಸೋಲ್ ನಗರದ ಬೀದಿಮಕ್ಕಳನ್ನು ಕಂಡು ಶುರು ಮಾಡಿದ ಕೆಲಸ ಮುಂದೆ 'ಕಂಪ್ಯಾಶನ್' ಎಂಬ ಸಂಸ್ಥೆಯಾಯಿತು. ಈ ಹಣದಿಂದ ಕೊರಿಯದಲ್ಲಿ ಅನಾಥಾಲಯಗಳು ಸಾಲಾಗಿ ಎದ್ದವು. ಮಕ್ಕಳ ಹೊಟ್ಟೆ ತುಂಬಿತು, ಚಳಿಗಾಲದಲ್ಲಿ ಸಾಯುವುದು ತಪ್ಪಿತು. 1960ರಲ್ಲಿ ಹುಟ್ಟಿದ ಕೊರಿಯ ಅನಾಥ ಮಕ್ಕಳ ಗಾಯನ ತಂಡವೊಂದು ಮರುವರ್ಷ ಅಮೆರಿಕದ ಊರೂರುಗಳಲ್ಲಿ ಹಾಡಿತು. ಅದನ್ನು ಕೇಳಿದವರಲ್ಲಿ ಅನೇಕರು ಪ್ರಾಯೋಜಕರಾದರು.

ಕೊರಿಯದ ಕಥೆಗೆ ಒಳ್ಳೆಯ ಮುಂದುವರಿಕೆಯೂ ಇದೆ. ದೇಶ ಬೆಳೆಯಿತು. ವರ್ಲ್ಡ್ ವಿಶನ್‌ನ ಕೊರಿಯ ಶಾಖೆ 1991ರಲ್ಲಿ ಹೊರಗಿನ ಹಣ ಪಡೆಯುವುದನ್ನು ನಿಲ್ಲಿಸಿ ಬೇರೆ ದೇಶಗಳಿಗೆ ಕೊಡಲು ಶುರು ಮಾಡಿತು. ಕಂಪ್ಯಾಶನ್ 1993ರಲ್ಲಿ ಕೊರಿಯದಲ್ಲಿ ಮಕ್ಕಳ ಕಾರ್ಯಕ್ರಮ ಮುಗಿಸಿತು. ಹತ್ತು ವರ್ಷಗಳ ನಂತರ, 2003ರಲ್ಲಿ, ಅದೇ ಕೊರಿಯ ದಾನಿಗಳ ದೇಶವಾಗಿ ಸಂಸ್ಥೆಗೆ ಮರಳಿತು. ಒಂದು ಕಾಲದಲ್ಲಿ ಫೋಟೋದಲ್ಲಿದ್ದವರ ಮಕ್ಕಳು ಮೊಮ್ಮಕ್ಕಳು ಈಗ ತಮ್ಮ ಮನೆಯಲ್ಲಿ ಬೇರೆ ದೇಶದ ಮಗುವಿನ ಫೋಟೋ ಇಟ್ಟುಕೊಂಡಿದ್ದಾರೆ.

ಕಾಗದದ ಮೇಲಿನ ಅನಾಥರು

ಇನ್ನೊಂದು ಮುಖವೂ ಕೊರಿಯದಲ್ಲೇ ಇದೆ. ಯುದ್ಧ ಮುಗಿದು ಎಷ್ಟೋ ವರ್ಷಗಳಾದರೂ ಅನಾಥಾಲಯಗಳು ಖಾಲಿಯಾಗಲಿಲ್ಲ. ಬಡತನ, ಮದುವೆಯಾಗದ ತಾಯಿಗೆ ಸಮಾಜದ ಕಾಟ, ಎರಡನೇ ಮದುವೆ, ಕಾಯಿಲೆ ಇಂಥ ಕಾರಣಗಳಿಂದ ತಂದೆತಾಯಿ ಇದ್ದ ಮಕ್ಕಳೂ ಅಲ್ಲಿಗೆ ಬಂದರು. ಕೆಲವರು ಮಗುವನ್ನು ಬಿಟ್ಟದ್ದು ಕಷ್ಟ ತೀರುವವರೆಗೆ ಮಾತ್ರ.

ಇದರ ಪಕ್ಕದಲ್ಲೇ ವಿದೇಶಕ್ಕೆ ದತ್ತು ಕಳಿಸುವ ವ್ಯವಸ್ಥೆ ಬೆಳೆಯಿತು. 1955ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ರೈತ ಹ್ಯಾರಿ ಹೋಲ್ಟ್ ದಂಪತಿ ಎಂಟು ಕೊರಿಯ ಮಕ್ಕಳನ್ನು ದತ್ತು ತೆಗೆದುಕೊಂಡದ್ದು ದೊಡ್ಡ ಸುದ್ದಿಯಾಯಿತು. ಅಲ್ಲಿಂದ ಮುಂದೆ ದಶಕಗಳಲ್ಲಿ ಸುಮಾರು ಎರಡು ಲಕ್ಷ ಕೊರಿಯ ಮಕ್ಕಳು ವಿದೇಶಕ್ಕೆ ಹೋದರು. ತಾಯಿ ಯಾರೆಂದು ಗೊತ್ತಿದ್ದ ಮಕ್ಕಳಿಗೂ ಪ್ರತ್ಯೇಕ 'ಅನಾಥ ನೋಂದಣಿ' ಮಾಡಿಸುತ್ತಿದ್ದರು. ಆ ಕಾಗದದ ಪ್ರಕಾರ ಮಗುವಿಗೆ ಹಿಂದೆ ಯಾರೂ ಇಲ್ಲ.

ಆ ಮಕ್ಕಳು ದೊಡ್ಡವರಾಗಿ ಹುಟ್ಟೂರು ಹುಡುಕಿಕೊಂಡು ಬಂದಾಗ ಫೈಲಿನಲ್ಲಿದ್ದ ಹೆಸರು ಬೇರೆ ಮಗುವಿನದ್ದು, ಸತ್ತಿದ್ದಾಳೆಂದು ಬರೆದಿದ್ದ ತಾಯಿ ಬದುಕಿದ್ದಾಳೆ ಎಂಬ ಸಂಗತಿಗಳು ಹೊರಬಂದವು. ಕೊರಿಯದ ಸತ್ಯಶೋಧನಾ ಆಯೋಗಕ್ಕೆ ವಿದೇಶಗಳಿಂದ 367 ಜನ ದೂರು ಕೊಟ್ಟರು. 2025ರ ಮಾರ್ಚಿನಲ್ಲಿ ಆಯೋಗ ಮೊದಲ ಹಂತದಲ್ಲಿ 56 ಜನರ ವಿಷಯದಲ್ಲಿ ಹಕ್ಕು ಉಲ್ಲಂಘನೆಯಾಗಿದೆ ಎಂದು ಒಪ್ಪಿ, ದಾಖಲೆ ತಿದ್ದಿದ್ದನ್ನು ತಡೆಯದ ಸರಕಾರವನ್ನು ಹೊಣೆ ಮಾಡಿತು.

ಪ್ರಾಯೋಜಕತ್ವ ಬೇರೆ, ದತ್ತು ಬೇರೆ. ಆದರೆ ಎರಡಕ್ಕೂ ಬುಡದಲ್ಲಿ ಇರುವುದು ಒಂದೇ ಪದ, 'ಅನಾಥ'. ಆ ಪದಕ್ಕೆ ಹಣ ಹರಿದು ಬರುತ್ತದೆ ಎಂದಾದರೆ, ಮಗುವಿನ ಮೇಲೆ ಆ ಪದ ಬರೆಯುವ ಆಸೆಯೂ ಹುಟ್ಟುತ್ತದೆ.

ಹೈಟಿ ಮತ್ತು ಕಾಂಬೋಡಿಯಾ

ಇದು ಹಳೆಯ ಕಥೆ ಎನ್ನುವಂತಿಲ್ಲ. ಕಾಂಬೋಡಿಯಾದಲ್ಲಿ 2005ರಿಂದ 2010ರ ನಡುವೆ ಅನಾಥಾಲಯಗಳ ಸಂಖ್ಯೆ ಸುಮಾರು ಶೇ. 75ರಷ್ಟು ಏರಿತು. ಆ ಐದು ವರ್ಷ ಅಲ್ಲಿ ಯುದ್ಧವೂ ಇರಲಿಲ್ಲ, ಬರಗಾಲವೂ ಇರಲಿಲ್ಲ. ಏರಿದ್ದು ಪ್ರವಾಸಿಗರ ಮತ್ತು ದಾನಿಗಳ ಸಂಖ್ಯೆ. ಒಳಗಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ತಂದೆ ಅಥವಾ ತಾಯಿ ಇದ್ದರು. ಹಳ್ಳಿಗೆ ಬಂದು 'ನಿಮ್ಮ ಮಗುವಿಗೆ ಇಂಗ್ಲಿಷ್ ಕಲಿಸುತ್ತೇವೆ, ಮೂರು ಹೊತ್ತು ಊಟ ಹಾಕುತ್ತೇವೆ' ಎಂದು ಕರೆದುಕೊಂಡು ಹೋಗುವವರಿದ್ದರು. ಪ್ರವಾಸಿಗರು ಬಂದಾಗ ಮಕ್ಕಳು ಕುಣಿದು ಹಾಡಬೇಕಿತ್ತು.

ಹೈಟಿಯಲ್ಲಿ 'ಲ್ಯೂಮೋಸ್' ಎಂಬ ಸಂಸ್ಥೆ 2017ರಲ್ಲಿ ಲೆಕ್ಕ ಹಾಕಿತು. ಸುಮಾರು 750 ಅನಾಥಾಲಯಗಳು, ಸುಮಾರು 30,000 ಮಕ್ಕಳು. ಅವರಲ್ಲಿ ಶೇ. 80ರಷ್ಟು ಮಕ್ಕಳಿಗೆ ಹೆತ್ತವರಲ್ಲಿ ಒಬ್ಬರಾದರೂ ಇದ್ದಾರೆ. ಈ ಅನಾಥಾಲಯಗಳ ಮೂರನೇ ಒಂದು ಭಾಗಕ್ಕೇ ವರ್ಷಕ್ಕೆ ಕನಿಷ್ಠ ಏಳು ಕೋಟಿ ಡಾಲರ್ ದಾನ ಬರುತ್ತಿತ್ತು. ಹೆಚ್ಚಿನದು ಅಮೆರಿಕದ ಚರ್ಚುಗಳಿಂದ, ಭಕ್ತರಿಂದ. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಅದೇ ಹಣ ಮನೆಗೇ ತಲುಪಿದ್ದರೆ ಎಷ್ಟೋ ಮಕ್ಕಳು ಮನೆ ಬಿಡಬೇಕಿರಲಿಲ್ಲ. ಫೀಸು ಕಟ್ಟಲಾಗದ ತಾಯಿ ಮಗುವನ್ನು ಅನಾಥಾಲಯಕ್ಕೆ ಬಿಟ್ಟಾಗ ಫೀಸಿಗಿಂತ ಎಷ್ಟೋ ಪಟ್ಟು ಹೆಚ್ಚು ಹಣ ಆ ಮಗುವಿನ ಹೆಸರಲ್ಲಿ ಬರಲು ಶುರುವಾಗುತ್ತದೆ. ಆದರೆ ಬರುವುದು ತಾಯಿಯ ಬಳಿಗಲ್ಲ.

ಆಸ್ಟ್ರೇಲಿಯಾ ಸಂಸತ್ತಿನ ಸಮಿತಿಯೊಂದು 2017ರ ವರದಿಯಲ್ಲಿ ದಾನದ ಆಸೆಗೆ ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸುವುದನ್ನು ಮಾನವ ಸಾಗಣೆಯ ಪ್ರಶ್ನೆಯಾಗಿಯೇ ನೋಡಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ, ಬಡತನ ಒಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರ್ಪಡಿಸಬಾರದು ಎಂಬ ಆಶಯದ ನಿರ್ಣಯ ಮಾಡಿತು.

ಊಟ ಸಿಕ್ಕರೆ ಸಾಲದೇ?

ಸಾಲದು ಎನ್ನುತ್ತದೆ ವಿಜ್ಞಾನ. ರೊಮೇನಿಯಾದ ಬುಖಾರೆಸ್ಟಿನಲ್ಲಿ 2000ದ ನಂತರ ಅಮೆರಿಕದ ವಿಜ್ಞಾನಿಗಳು ಅನಾಥಾಲಯದ 136 ಎಳೆಯ ಮಕ್ಕಳನ್ನು ಆರಿಸಿ, ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿ ವರ್ಷಗಟ್ಟಲೆ ಗಮನಿಸಿದರು. ಸಾಕುಮನೆಗೆ ಹೋದವರು ಬುದ್ಧಿಯಲ್ಲಿ, ಮಾತಿನಲ್ಲಿ, ಜನರ ಜತೆ ಬೆರೆಯುವುದರಲ್ಲಿ ಮುಂದಾದರು. ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಲಾಭ ಹೆಚ್ಚು. ಪಾಳಿಯ ಮೇಲೆ ಬಂದು ಹೋಗುವ ಆಯಾ ಎಷ್ಟು ಒಳ್ಳೆಯವಳಾದರೂ ಹತ್ತು ಹದಿನೈದು ಮಕ್ಕಳಿಗೆ ಹಂಚಿಹೋಗುತ್ತಾಳೆ. ಅಜ್ಜಿಯ ಮಡಿಲು, ಅತ್ತೆಯ ಮನೆ ಬಡವಾದರೂ ಅಲ್ಲಿ ಮಗುವನ್ನು ಹೆಸರು ಹಿಡಿದು ಕರೆಯುವವರು ಬದಲಾಗುವುದಿಲ್ಲ.

ಹಾಗಾದರೆ ಪ್ರಾಯೋಜಕತ್ವವೇ ತಪ್ಪೇ?

ಈ ಪ್ರಶ್ನೆಯ ಮೇಲೆ ನಲವತ್ತು ವರ್ಷಕ್ಕೂ ಮಿಕ್ಕಿ ಚರ್ಚೆ ನಡೆದಿದೆ. ಬ್ರಿಟನ್ನಿನ 'ನ್ಯೂ ಇಂಟರ್‌ನ್ಯಾಶನಲಿಸ್ಟ್' ಪತ್ರಿಕೆ 1982ರಲ್ಲೇ ಮಗುವಿನ ಪ್ರಾಯೋಜಕತ್ವ ಬೇಡ ಎಂದು ವಿಶೇಷ ಸಂಚಿಕೆ ತಂದಿತ್ತು. ಒಂದೇ ಊರಿನಲ್ಲಿ ಒಂದು ಮಗುವಿಗೆ ಉಡುಗೊರೆ, ಪಕ್ಕದ ಮನೆಯ ಮಗುವಿಗೆ ಏನೂ ಇಲ್ಲ ಎಂಬುದು ಅದರ ಆಕ್ಷೇಪಗಳಲ್ಲಿ ಒಂದು. 1998ರಲ್ಲಿ 'ಶಿಕಾಗೊ ಟ್ರಿಬ್ಯೂನ್' ಪತ್ರಿಕೆಯ ವರದಿಗಾರರು ತಾವೇ ಹನ್ನೆರಡು ಮಕ್ಕಳಿಗೆ ಪ್ರಾಯೋಜಕರಾಗಿ, ಆಮೇಲೆ ಆ ಮಕ್ಕಳನ್ನು ಹುಡುಕಿಕೊಂಡು ಹೋದರು. ಕೆಲವರಿಗೆ ಸಿಕ್ಕಿದ್ದು ಅತ್ಯಲ್ಪ. ಆಫ್ರಿಕಾದ ಮಾಲಿಯ ಒಬ್ಬ ಹುಡುಗಿ ತೀರಿಕೊಂಡ ನಂತರವೂ ಬಹಳ ಕಾಲ ಅವಳ ಹೆಸರಲ್ಲಿ ಹಣ ಪಡೆಯಲಾಗಿತ್ತು. ಈ ವರದಿಯ ನಂತರ ದೊಡ್ಡ ಸಂಸ್ಥೆಗಳು ಲೆಕ್ಕ ಮತ್ತು ಜಾಹೀರಾತುಗಳಲ್ಲಿ ಬಿಗಿ ತಂದುಕೊಂಡವು.

ಇನ್ನೊಂದು ಕಡೆ, ಲಾಭಕ್ಕೂ ಆಧಾರವಿದೆ. ಬ್ರೂಸ್ ವೈಡಿಕ್ ಎಂಬ ಅರ್ಥಶಾಸ್ತ್ರಜ್ಞ ಮತ್ತು ಜತೆಗಾರರು ಭಾರತ, ಉಗಾಂಡ, ಕೀನ್ಯಾ, ಫಿಲಿಪ್ಪೀನ್ಸ್, ಬೊಲಿವಿಯಾ, ಗ್ವಾಟೆಮಾಲಾ ಈ ಆರು ದೇಶಗಳಲ್ಲಿ ಕಂಪ್ಯಾಶನ್ ಸಂಸ್ಥೆಯ ಕಾರ್ಯಕ್ರಮವನ್ನು ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯಿಂದ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರಾಯೋಜಕರಿದ್ದ ಮಕ್ಕಳು ಇಲ್ಲದವರಿಗಿಂತ ಸರಾಸರಿ ಒಂದರಿಂದ ಒಂದೂವರೆ ವರ್ಷ ಹೆಚ್ಚು ಶಾಲೆ ಓದಿದ್ದರು. ದೊಡ್ಡವರಾದ ಮೇಲೆ ಸಂಬಳದ ಕೆಲಸ ಸಿಗುವ ಸಾಧ್ಯತೆಯೂ ಹೆಚ್ಚಿತ್ತು.

ಗಮನಿಸಬೇಕಾದ ಮಾತು ಇಲ್ಲಿದೆ. ಈ ಮಕ್ಕಳು ಅನಾಥಾಲಯದಲ್ಲಿ ಇದ್ದವರಲ್ಲ. ಮನೆಯಲ್ಲಿದ್ದು, ಊರಿನ ಶಾಲೆಗೆ ಹೋಗುತ್ತ, ಸಂಜೆ ಅಥವಾ ಶನಿವಾರ ಸ್ಥಳೀಯ ಚರ್ಚಿನ ಕೇಂದ್ರಕ್ಕೆ ಪಾಠಕ್ಕೆ, ಊಟಕ್ಕೆ, ಆರೋಗ್ಯ ತಪಾಸಣೆಗೆ ಬರುತ್ತಿದ್ದವರು. ಫೋಟೋ ಅದೇ, ಪತ್ರ ಅದೇ, ತಿಂಗಳ ಹಣವೂ ಹೆಚ್ಚು ಕಡಿಮೆ ಅದೇ. ರಾತ್ರಿ ಮಗು ಎಲ್ಲಿ ಮಲಗುತ್ತದೆ ಎಂಬುದೊಂದೇ ವ್ಯತ್ಯಾಸ. ನೂರು ವರ್ಷಗಳ ಪಾಠವನ್ನು ಒಂದು ಸಾಲಿನಲ್ಲಿ ಹೇಳಬೇಕೆಂದರೆ ಇದನ್ನೇ ಹೇಳಬೇಕು.

ಭಾರತದಲ್ಲಿ ಆದದ್ದೇನು?

ಭಾರತದಲ್ಲಿ ಕಂಪ್ಯಾಶನ್ 1968ರಿಂದ ಕೆಲಸ ಮಾಡುತ್ತಿತ್ತು. 2016ರಲ್ಲಿ ಕೇಂದ್ರ ಗೃಹ ಇಲಾಖೆ, ಸಂಸ್ಥೆಯ ಹಣ ಮತಾಂತರಕ್ಕೆ ಬಳಕೆಯಾಗುತ್ತಿದೆ ಎಂಬ ದೂರಿನ ಹಿನ್ನೆಲೆಯಲ್ಲಿ, ಅದರ ಹಣ ಪೂರ್ವಾನುಮತಿ ಇಲ್ಲದೆ ದೇಶದೊಳಗೆ ಬರದಂತೆ ಮಾಡಿತು. ಸಂಸ್ಥೆ ಆರೋಪ ಅಲ್ಲಗಳೆಯಿತು. ಕೊನೆಗೆ 2017ರ ಮಾರ್ಚಿನಲ್ಲಿ ಬಾಗಿಲು ಹಾಕಿತು. ಆಗ ಅದರ ಪಟ್ಟಿಯಲ್ಲಿ ಸುಮಾರು ಒಂದು ಲಕ್ಷ 45 ಸಾವಿರ ಮಕ್ಕಳಿದ್ದರು. ಇವರಲ್ಲಿ ಬಹುತೇಕರು ತಮ್ಮ ಮನೆಗಳಲ್ಲೇ ಇದ್ದವರು. ಪತ್ರಗಳು ನಿಂತವು, ಸಂಜೆಯ ಪಾಠ ಊಟಗಳು ನಿಂತವು. ಯಾರದು ಸರಿ ಎಂಬ ವಾದ ದಿಲ್ಲಿಯಲ್ಲಿ ಮತ್ತು ವಾಷಿಂಗ್ಟನ್ನಿನಲ್ಲಿ ನಡೆಯಿತು. ವಾದದಲ್ಲಿ ಯಾರು ಗೆದ್ದರೂ ಸೋತರೂ ಆ ಮಕ್ಕಳ ಊಟದ ಏರ್ಪಾಡು ಬೇರೆ ಆಗಲೇಬೇಕಿತ್ತು. ಹೊರದೇಶದ ಹಣವೊಂದನ್ನೇ ನೆಚ್ಚಿದ ವ್ಯವಸ್ಥೆ ಒಂದು ಆದೇಶದಿಂದ ನಿಂತುಹೋಗಬಹುದು ಎಂಬುದು ಇದರಿಂದ ತಿಳಿಯುತ್ತದೆ.

ವಿದೇಶಿ ದೇಣಿಗೆ ಕಾಯಿದೆ ಮೊದಲು ಬಂದದ್ದು 1976ರಲ್ಲಿ. 2010ರಲ್ಲಿ ಹೊಸ ಕಾಯಿದೆ ಬಂತು. 2020ರ ತಿದ್ದುಪಡಿಯ ಪ್ರಕಾರ ವಿದೇಶಿ ದೇಣಿಗೆ ಮೊದಲು ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಂದು ಸಂಸ್ಥೆ ಅದನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಆಡಳಿತ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿದಿದೆ. ಕಾಸರಗೋಡಿನಂಥ ಕಡೆಯ ಗಲ್ಫ್ ಕುಟುಂಬಗಳು ತಿಳಿದಿರಬೇಕಾದ ಒಂದು ಅಂಶ: ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ವಿದೇಶದಲ್ಲಿ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣ ಈ ಕಾಯಿದೆಯ ಲೆಕ್ಕದಲ್ಲಿ ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣ ಮಾತ್ರ, ಅವರು ಇಲ್ಲೇ ಹುಟ್ಟಿದವರಾದರೂ, ವಿದೇಶಿ ದೇಣಿಗೆಯೇ.

ಗಡಿ ಹಳ್ಳಿಯ ತಂದೆತಾಯಿ ಕೇಳಬೇಕಾದ ಪ್ರಶ್ನೆಗಳು

ಜತ್ತ, ಅಕ್ಕಲಕೋಟೆ ಕಡೆಯಿಂದ ಕಬ್ಬು ಕಡಿಯಲು, ಆದೋನಿ ಸೀಮೆಯಿಂದ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುವವರಿಗೆ ಮಕ್ಕಳನ್ನು ಎಲ್ಲಿ ಬಿಡುವುದು ಎಂಬುದು ಪ್ರತಿ ವರ್ಷದ ಚಿಂತೆ. ಇಂಥ ಹೊತ್ತಿನಲ್ಲಿ 'ಊಟ, ಬಟ್ಟೆ, ಇಂಗ್ಲಿಷ್ ಶಾಲೆ ಎಲ್ಲ ಪುಕ್ಕಟೆ' ಎಂದು ಯಾರಾದರೂ ಬಂದರೆ ಮನಸ್ಸು ಕರಗುವುದು ಸಹಜ. ಅವರು ಯಾವ ಧರ್ಮದವರು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಹಿಂದೂ ಮಠವಿರಲಿ, ಚರ್ಚಿರಲಿ, ಮಸೀದಿಯಿರಲಿ, ಸರಕಾರೇತರ ಸಂಸ್ಥೆಯಿರಲಿ, ಪ್ರಶ್ನೆಗಳು ಇವೇ.

ಒಂದು, ನೋಂದಣಿ ಇದೆಯೇ? 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆಯೂ ನೋಂದಾಯಿಸಿರಬೇಕು. ಇಲ್ಲದಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ತಮಿಳುನಾಡಿನ ಅನಾಥಾಲಯಗಳಲ್ಲಿ ಮಕ್ಕಳ ಶೋಷಣೆ ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರ ಮೇ 5ರಂದು ಈ ನೋಂದಣಿಯನ್ನು ಆ ವರ್ಷದ ಕೊನೆಯೊಳಗೆ ಮುಗಿಸಲು ಹೇಳಿತ್ತು.

ಎರಡು, ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆಯೇ? ಪ್ರತಿ ಜಿಲ್ಲೆಯಲ್ಲೂ ಈ ಸಮಿತಿ ಇರಬೇಕು. ಹೆತ್ತವರಿಲ್ಲದ ಅಥವಾ ರಕ್ಷಣೆ ಬೇಕಾದ ಮಗು ಸಿಕ್ಕ 24 ಗಂಟೆಯೊಳಗೆ ಸಮಿತಿಗೆ ತಿಳಿಸಬೇಕು. ಆಮೇಲೆ ಮಗು ಎಲ್ಲಿರಬೇಕೆಂದು ತೀರ್ಮಾನಿಸುವುದು ಸಮಿತಿಯೇ ಹೊರತು ವ್ಯಾನಿನಲ್ಲಿ ಬಂದವರಲ್ಲ. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದೇ ಕಾಯಿದೆ ಹೇಳುತ್ತದೆ.

ಮೂರು, ರಾಜ್ಯದ ಗಡಿ ದಾಟುತ್ತಿದೆಯೇ? ಗಡಿಯವರಿಗೆ ಇದು ಮುಖ್ಯ. ತಾಳವಾಡಿಯ ಮಗು ಚಾಮರಾಜನಗರಕ್ಕೆ ಹೋದರೆ ಅಪ್ಪ ಅಮ್ಮ ಬಸ್ಸು ಹತ್ತಿ ನೋಡಿ ಬರಬಹುದು. ಅದೇ ಮಗು ಹೆಸರೇ ಕೇಳದ ಊರಿಗೆ, ತಿಳಿಯದ ಭಾಷೆಯ ನಡುವೆ ಹೋದರೆ ಕಷ್ಟ ಹೇಳಿಕೊಳ್ಳಲೂ ಮಾತಿಲ್ಲ. ಬೇರೆ ಜಿಲ್ಲೆಯ, ಬೇರೆ ರಾಜ್ಯದ ಮಗು ಎಂದು ಗೊತ್ತಾದರೆ ವಿಚಾರಣೆ ಮಾಡಿ ತವರು ಜಿಲ್ಲೆಯ ಸಮಿತಿಗೆ ಕಳಿಸಿಕೊಡಲು ಕಾಯಿದೆಯಲ್ಲಿ ಅವಕಾಶವಿದೆ. ಅದಕ್ಕೆ ಮಗುವಿನ ಆಧಾರ್, ಜನನ ಪತ್ರ, ಶಾಲೆಯ ದಾಖಲೆಗಳ ನಕಲು ಮನೆಯಲ್ಲಿ ಇರಬೇಕು. ಒಂದು ದಾಖಲೆಯಲ್ಲಿ ಕನ್ನಡದ ಹೆಸರು, ಇನ್ನೊಂದರಲ್ಲಿ ಮರಾಠಿಯೋ ತೆಲುಗೋ ಮಾಡಿದ ಹೆಸರು ಇದ್ದರೆ ಮೊದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ನಾಲ್ಕು, ಯಾವ ಕಾಗದಕ್ಕೆ ಸಹಿ ಹಾಕಿಸುತ್ತಿದ್ದಾರೆ? ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬಾರದು. 'ಮಗುವಿಗೆ ಯಾರೂ ಇಲ್ಲ' ಎಂದು ಬರೆದ ಕಾಗದ ಎಷ್ಟು ವರ್ಷ ಕಾಡುತ್ತದೆ ಎಂಬುದನ್ನು ಕೊರಿಯದ ಮಕ್ಕಳು ತೋರಿಸಿದ್ದಾರೆ. ಫೋಟೋ ಎಲ್ಲಿಗೆ ಹೋಗುತ್ತದೆ, ಏನೆಂದು ಬರೆದು ತೋರಿಸುತ್ತಾರೆ ಎಂದು ಕೇಳುವ ಹಕ್ಕು ಹೆತ್ತವರಿಗಿದೆ.

ಐದು, ಬೇಕೆಂದಾಗ ಹೋಗಿ ನೋಡಬಹುದೇ? ಹಬ್ಬಕ್ಕೆ ಮನೆಗೆ ಕಳಿಸುತ್ತಾರೆಯೇ? ಇದಕ್ಕೆ 'ಇಲ್ಲ' ಎಂದರೆ ಉಳಿದ ಪ್ರಶ್ನೆ ಬೇಡ.

ಮನೆಗೇ ಬರುವ ಪ್ರಾಯೋಜಕತ್ವ

ಮಗುವನ್ನು ಮನೆಯಲ್ಲೇ ಇಟ್ಟುಕೊಂಡು ನೆರವು ಪಡೆಯುವ ಸರಕಾರಿ ದಾರಿಯೂ ಇದೆ. ಕೇಂದ್ರದ 'ಮಿಶನ್ ವಾತ್ಸಲ್ಯ' ಯೋಜನೆಯಲ್ಲಿ 2022ರ ಮಾರ್ಗಸೂಚಿಯ ಪ್ರಕಾರ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗುತ್ತದೆ. ತಾಯಿ ವಿಧವೆಯಾಗಿದ್ದರೆ ಅಥವಾ ಗಂಡ ಬಿಟ್ಟಿದ್ದರೆ, ಮಗು ಅಜ್ಜ ಅಜ್ಜಿಯ ಬಳಿ ಇದ್ದರೆ, ಹೆತ್ತವರಿಗೆ ಗುಣವಾಗದ ಕಾಯಿಲೆ ಇದ್ದರೆ ಇದಕ್ಕೆ ಅರ್ಜಿ ಹಾಕಬಹುದು. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಜಿ ಕೊಡಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಸಂಶಯ, ದೂರು ಏನೇ ಇದ್ದರೂ 1098 ನಂಬರಿಗೆ ಕರೆ ಮಾಡಬಹುದು. ಕರೆಗೆ ದುಡ್ಡಿಲ್ಲ.

ದಾನ ಕೊಡುವ ಮನಸ್ಸಿದ್ದವರಿಗೂ ಇದೇ ಅಳತೆಗೋಲು ಸಾಕು. ಅನಾಥಾಲಯಕ್ಕೆ ಅಕ್ಕಿ, ಬಟ್ಟೆ, ಹುಟ್ಟುಹಬ್ಬದ ಊಟ ಕೊಡುವ ಪದ್ಧತಿ ನಮ್ಮಲ್ಲೂ ಇದೆ. ಕೊಡುವಾಗ ಎರಡು ಮಾತು ಕೇಳಬಹುದು: ಈ ಮಕ್ಕಳಲ್ಲಿ ಎಷ್ಟು ಜನಕ್ಕೆ ತಂದೆ ಅಥವಾ ತಾಯಿ ಇದ್ದಾರೆ? ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು? ಒಳ್ಳೆಯ ಸಂಸ್ಥೆಯ ಬಳಿ ಎರಡಕ್ಕೂ ಉತ್ತರ ಬರೆದಿಟ್ಟಿರುತ್ತದೆ. ನಿಜಕ್ಕೂ ಯಾರೂ ಇಲ್ಲದ ಮಕ್ಕಳಿಗೆ ಆಶ್ರಯ ಬೇಕೇ ಬೇಕು. ಅವರ ಪಾಲಿನ ಹಾಸಿಗೆಯಲ್ಲಿ ಮನೆಯಿರುವ ಮಗು ಮಲಗುವಂತಾಗದಿರಲು ಈ ಎರಡು ಪ್ರಶ್ನೆ ಕೇಳುವುದು ಒಳ್ಳೆಯದು.